ಭೀಮವ್ವನ ನಳ ವಿಲಾಯತಿಗೆ ಹೋದದ್ದು

ವಿದೇಶಕ್ಕೆ ಹೋದವರು ಬರುವಾಗ ಚಾಕೊಲೇಟು, ಸೆಂಟು, ಮಕ್ಕಳಿಗೆ ಆಟಿಕೆ ತರುತ್ತಾರೆ. ನಾನು ಹೋಗುವಾಗ ಒಯ್ದಿದ್ದ ಒಂದು ಹಳೆಯ ಹಿತ್ತಾಳೆ ನಳವನ್ನೇ ಹೊತ್ತುಕೊಂಡು ವಾಪಸು ಬಂದೆ. ಅದು ನನ್ನದಲ್ಲ, ನಮ್ಮೂರ ದಿಬ್ಬದ ಮೇಲಿನ ಭೀಮವ್ವನದು. ಅಲ್ಲಿ ಕೋಟೆ ನೋಡಿದೆಯಾ, ಹಿಮ ನೋಡಿದೆಯಾ ಎಂದು ಕೇಳುವವರಿಗೆ ಹೌದು ಅನ್ನುತ್ತೇನೆ. ಖರೇ ಹೇಳಬೇಕೆಂದರೆ ಇಪ್ಪತ್ತೈದು ದಿನ ನನ್ನ ಕಣ್ಣ ಮುಂದೆ ಇದ್ದದ್ದು ಆ ನಳ ಒಂದೇ.

ಸುರಪುರದ ಬಸ್ಸು

ನಾನು ಮಾನಪ್ಪ, ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್. ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆಯಿಂದ ಒಳಗಿರುವ ನಮ್ಮೂರಿನಲ್ಲಿ ಮನೆ ಪಟ್ಟಿ, ನೀರಿನ ಪಟ್ಟಿ ವಸೂಲು ಮಾಡುವುದು ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ತೆರಿಗೆಗೆ ನಮ್ಮ ಕಡೆ ಪಟ್ಟಿ ಅನ್ನುತ್ತಾರೆ. ನಾನು ಓಣಿಗೆ ಕಾಲಿಟ್ಟರೆ ಸಾಕು, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಗಂಡಸರು ಹಿತ್ತಲಿಂದ ಹೊಲಕ್ಕೆ ಹೋಗುತ್ತಾರೆ. "ಅಪ್ಪ ಮನ್ಯಾಗಿಲ್ಲ ಅಂತ ಹೇಳಂದಾನ್ರಿ" ಎಂದು ಮಕ್ಕಳು ಬಂದು ವರದಿ ಒಪ್ಪಿಸುತ್ತವೆ. ಇದಕ್ಕೆ ನಾನೂ ಒಂದು ಉಪಾಯ ಮಾಡಿಕೊಂಡಿದ್ದೆ. ನೀರು ಬಿಡುವ ಹೊತ್ತಿಗೇ ಹೋಗುತ್ತಿದ್ದೆ. ಆಗ ಎಲ್ಲರೂ ಕೊಡ ಹಿಡಿದು ನಳದ ಮುಂದೆ ಇರಲೇಬೇಕು, ಇಲ್ಲ ಅನ್ನಿಸಿಕೊಳ್ಳಲಾಗದು.

ಇಂಥ ನನಗೆ ವಿದೇಶ ಎಲ್ಲಿಂದ ಬಂತು? ನನ್ನ ತಂಗಿಯ ಮಗಳು ರೇಣುಕಾ ಸ್ಕಾಟ್‌ಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸು. ಮುದುಕರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ಕೆಲಸ. ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕಾಲಿನ ಹರಡು ಮುರಿದುಕೊಂಡಳು. ಒಬ್ಬಳೇ ಇರುವ ಹುಡುಗಿ. ನನ್ನ ತಂಗಿಗೆ ಕಲಬುರಗಿ ಬಸ್ಸು ಹತ್ತುವುದಕ್ಕೂ ಎದೆ ಹೊಡೆದುಕೊಳ್ಳುತ್ತದೆ. "ಅಣ್ಣಾ, ನೀನs ಹೋಗಿ ಬಾ" ಎಂದು ಅತ್ತಳು. ರೇಣುಕಾಳೇ ಹಿಂದೊಮ್ಮೆ ಹಟ ಹಿಡಿದು ಮಾಡಿಸಿದ್ದ ಪಾಸ್‌ಪೋರ್ಟು ಟ್ರಂಕಿನಲ್ಲಿ ಇತ್ತು. ವೀಸಾ ಕೈಗೆ ಬಂದದ್ದು ಫೆಬ್ರವರಿ ಕೊನೆಗೆ, ಅಂದರೆ ವಸೂಲಿಯ ಸುಗ್ಗಿಯಲ್ಲಿ. ಪಟ್ಟಿ ಕಟ್ಟದವರ ನಳ ಕಡಿತ ಮಾಡಬೇಕೆಂದು ಮೇಲಿನಿಂದ ಒತ್ತಾಯ ಬೇರೆ.

ಹೊರಡುವ ಹಿಂದಿನ ಸಂಜೆ ಉಳಿದದ್ದು ಒಂದೇ ಮನೆ, ಭೀಮವ್ವನದು. ಕುರಿ ಸಾಕುವ ಮನೆತನ. ಮಗ ಕುರಿ ಹೊಡೆದುಕೊಂಡು ತಿಂಥಣಿ ಕಡೆ ಹೊಳೆದಂಡೆಗೆ ಹೋಗಿದ್ದ. ಮನೆಯಲ್ಲಿ ಮುದುಕಿ, ಬಸುರಿ ಸೊಸೆ. ದಿಬ್ಬದ ಮೇಲೆ ನಾಲ್ಕೇ ಮನೆಗಳು, ಪೈಪು ಅಲ್ಲಿಗೆ ಮುಗಿಯುತ್ತದೆ. ಮೂರು ಮನೆಯವರು ನನ್ನ ಕಾಟ ತಾಳದೆ ಪಟ್ಟಿ ಕಟ್ಟಿದ್ದರು. ಭೀಮವ್ವ ಮಾತ್ರ ಎರಡು ವರ್ಷದಿಂದ ಒಂದೇ ಮಾತು ಹಿಡಿದಿದ್ದಳು.

"ನೀರ ಬರಂಗಿಲ್ಲೋ ತಮ್ಮಾ. ಬರಲಾರದ ನೀರಿಗೆ ಎಲ್ಲೀ ಪಟ್ಟಿ?"

ಇದು ಊರೆಲ್ಲ ಹೇಳುವ ಮಾತು. ಕೊಡ ತುಂಬಿ ಚೆಲ್ಲುತ್ತಿರುವವರೂ ನನ್ನ ಮುಖ ನೋಡಿದರೆ ಇದನ್ನೇ ಹೇಳುತ್ತಾರೆ. ಹಾಗಾಗಿ ನನ್ನ ಕಿವಿ ಅದನ್ನು ಕೇಳುವುದು ಬಿಟ್ಟಿತ್ತು. ಕಡಿತಕ್ಕೆ ಹೋಗುವಾಗ ನೀರು ಬಿಡುವ ಸಾಬಣ್ಣ ಜೊತೆಗಿರುತ್ತಾನೆ. ಪೈಪಿನ ನೀರು ತಡೆಯುವ ವಾಲ್ ಮುಚ್ಚುವುದು ಅವನ ಕೆಲಸ, ನಳ ಬಿಚ್ಚುವುದು ನನ್ನ ಕೆಲಸ. ಅವತ್ತು ಅವನು ಮೋಟರು ಹಚ್ಚಿ ಶಹಾಪುರಕ್ಕೆ ಯಾರದೋ ಮದುವೆಗೆ ಹೋಗಿದ್ದ. ಕೆಳಗಿನ ಓಣಿಯಲ್ಲಿ ನೀರು ಸುರಿಯುತ್ತಿತ್ತು. ನಾನು ಒಬ್ಬನೇ ದಿಬ್ಬ ಹತ್ತಿದೆ, ಪಾನಾ ಹಾಕಿ ನಳ ತಿರುವಿದೆ, ಬಿಚ್ಚಿಕೊಂಡೆ.

"ನೀರು ನಿಮ್ದು. ನಳ ನಂದು," ಅಂದಳು ಭೀಮವ್ವ. "ಸುರಪುರ ಸಂತ್ಯಾಗ ರೊಕ್ಕ ಕೊಟ್ಟು ತಂದೀನಿ. ಅದನ್ಯಾಕ ಒಯ್ಯಾಕತ್ತಿ?"

ಬಿಚ್ಚಿದ ನಳಗಳಿಗೆ ಹೆಸರಿನ ಚೀಟಿ ಕಟ್ಟಿ ಪಂಚಾಯಿತಿಯ ಕಪಾಟಿನಲ್ಲಿ ಇಡುವುದು ನಮ್ಮ ರೂಢಿ. ಹೊತ್ತು ಮುಳುಗಿ ಆಫೀಸು ಬಾಗಿಲು ಹಾಕಿತ್ತು. ಚೀಟಿ ಕಟ್ಟಿ ಹೆಗಲ ಚೀಲದ ಪಕ್ಕದ ಖಾನೆಯಲ್ಲಿ ಹಾಕಿಕೊಂಡೆ. ಮರುದಿನ ಅದೇ ಚೀಲಕ್ಕೆ ಪಾಸ್‌ಪೋರ್ಟು, ತಂಗಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಸಜ್ಜೆ ರೊಟ್ಟಿ ತುಂಬಿಕೊಂಡು ಸುರಪುರದ ಬಸ್ಸು ಹತ್ತಿದೆ. ಅಲ್ಲಿಂದ ಯಾದಗಿರಿ, ಯಾದಗಿರಿಯಿಂದ ಹೈದರಾಬಾದಿನ ರೈಲು.

ಶಂಶಾಬಾದ್ ವಿಮಾನ ನಿಲ್ದಾಣ

ತಪಾಸಣೆಯ ಯಂತ್ರದೊಳಗೆ ನನ್ನ ಚೀಲ ಹೋಯಿತು, ಹೊರಬರಲಿಲ್ಲ. ಖಾಕಿ ಹಾಕಿದ ಜವಾನನೊಬ್ಬ ಪರದೆ ನೋಡಿ ಇನ್ನೊಬ್ಬನನ್ನು ಕರೆದ. ಇಬ್ಬರೂ ನನ್ನನ್ನು ನೋಡಿದರು.

"ಯೇ ಕ್ಯಾ ಹೈ?" ಎನ್ನುತ್ತ ಪಕ್ಕದ ಖಾನೆಯಿಂದ ನಳ ಎತ್ತಿ ಹಿಡಿದ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಚೀಟಿ ಇನ್ನೂ ನೇತಾಡುತ್ತಿತ್ತು, ನನ್ನದೇ ಅಕ್ಷರದಲ್ಲಿ: ಭೀಮವ್ವ, ಕುರಿಹಟ್ಟಿ ದಿಬ್ಬ, ಕಡಿತ.

"ನಲ್ ಕೀ ಮುಂಡಿ ಹೈ ಸಾಬ್," ಅಂದೆ ನಮ್ಮ ಕಡೆಯ ದಖನಿ ಉರ್ದುವಿನಲ್ಲಿ, ನಳದ ತಲೆ ಎಂದು.

"ಮಾಲೂಮ್ ಹೈ. ವಿಲಾಯತ್ ಮೇ ನಲ್ ನಹೀ ಮಿಲ್ತೇ ಕ್ಯಾ?"

ವಿಲಾಯತಿಯಲ್ಲಿ ನಳ ಸಿಗುವುದಿಲ್ಲವೇ ಎಂಬ ಮಾತಿಗೆ ಜನ ನಕ್ಕರು. ಅವನೂ ನಕ್ಕು ನಳವನ್ನು ಚೀಲಕ್ಕೆ ಎಸೆದ. ನನಗೆ ನಗು ಬರಲಿಲ್ಲ. ಕಪಾಟಿನಲ್ಲಿ ಇರಬೇಕಾದ ವಸ್ತು ನನ್ನ ಚೀಲದಲ್ಲಿದೆ. ಇಪ್ಪತ್ತಾರು ವರ್ಷದಲ್ಲಿ ಪಂಚಾಯಿತಿಯ ಒಂದು ಪೆನ್ನನ್ನೂ ಮನೆಗೆ ಒಯ್ದವನಲ್ಲ ನಾನು. ಈಗ ಒಬ್ಬ ಮುದುಕಿಯ ನಳ ಕದ್ದುಕೊಂಡು ದೇಶ ಬಿಟ್ಟಂತಾಯಿತು. ಸಾಬಣ್ಣನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ವಿಮಾನ ಮೇಲೇಳುವಾಗ ಪಕ್ಕದವರು ಕಣ್ಣು ಮುಚ್ಚಿ ದೇವರನ್ನು ನೆನೆದರು. ನಾನೂ ಮೌನೇಶ್ವರನನ್ನು ನೆನೆದೆ, ಆದರೆ ಚೀಲ ತೊಡೆಯ ಮೇಲೆ ಹಿಡಿದುಕೊಂಡೇ ನೆನೆದೆ.

ಚಳಿಯ ಊರು, ಮೊದಲ ಮುಂಜಾನೆ

ರೇಣುಕಾಳ ಊರಿನಲ್ಲಿ ಎಲ್ಲ ಮನೆಗಳೂ ಬೂದು ಕಲ್ಲಿನವು, ಒಂದನ್ನೊಂದು ಅಂಟಿಕೊಂಡು ನಿಂತಿವೆ. ಕಲ್ಲು ನೋಡಿ ಮೊದಲು ಸಮಾಧಾನವಾಯಿತು. ನಮ್ಮಲ್ಲಿಯೂ ಕಲ್ಲಿಗೆ ಬರವಿಲ್ಲ. ಆದರೆ ಈ ಕಲ್ಲು ಬಿಸಿಲನ್ನೇ ಕಂಡಿಲ್ಲ. ಮೋಡ ಕವಿದು, ಹತ್ತು ಗಂಟೆಯಾದರೂ ಮುಂಜಾನೆಯ ಮುಖ ಸರಿಯಾಗಿ ಕಾಣಲಿಲ್ಲ.

ಅವಳು ಕಾಲಿಗೆ ಪ್ಲಾಸ್ಟಿಕ್ಕಿನ ದಪ್ಪ ಬೂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನಾನು ರೊಟ್ಟಿ ಬಿಸಿ ಮಾಡುತ್ತಿದ್ದೆ. ಬಾಗಿಲು ಬಡಿದ ಸದ್ದು. ಕಿಟಕಿಯಿಂದ ಇಣುಕಿದೆ. ಹೊರಗೊಬ್ಬ ನಿಂತಿದ್ದ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕಾಗದದ ಫೈಲು. ಆ ನಿಲುವು, ಫೈಲು ಹಿಡಿದ ರೀತಿ, ಬಾಗಿಲ ಮೇಲಿನ ನಂಬರು ಎರಡು ಸಲ ನೋಡುವ ಅಭ್ಯಾಸ, ಎಲ್ಲ ನನ್ನದೇ. ಜಾತಿಯವನನ್ನು ಜಾತಿಯವನು ಗುರುತಿಸದೆ ಇರುತ್ತಾನೆಯೇ? ಹಿಂದಿನ ರಾತ್ರಿಯಷ್ಟೇ ರೇಣುಕಾ ಹೇಳಿದ್ದಳು, ಮನೆಯಲ್ಲಿ ಒಬ್ಬರೇ ಇದ್ದರೆ ಇಲ್ಲಿ ಪಟ್ಟಿ ಕಾಲು ಭಾಗ ಕಡಿಮೆ ಎಂದು. ಈಗ ಇಬ್ಬರಾಗಿದ್ದೇವೆ! ಬಂದ ಒಂದೇ ದಿನಕ್ಕೆ ಹುಡುಗಿಗೆ ದಂಡ ತಂದೆನೇ?

ಬಾಗಿಲ ಹಿಂದೆ ಗೋಡೆಗೆ ಅಂಟಿ ನಿಂತು, ಮನೆಯಲ್ಲಿ ಯಾರೂ ಇಲ್ಲ ಅನ್ನು ಎಂದು ಸನ್ನೆ ಮಾಡಿದೆ. ರೇಣುಕಾ ನನ್ನನ್ನು ಕಣ್ಣು ಪಿಳುಕಿಸದೆ ನೋಡಿದಳು.

"ಮಾಮಾ, ನಾ ಕುಂತಾಕಿನೇ ಯಾರೂ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

ಅವನು ಬಂದದ್ದು ಪಕ್ಕದ ಮನೆಗೆ. ಅಲ್ಲಿರುವ ಐಲೀನ್ ಎಂಬ ಎಂಬತ್ತರ ಅಜ್ಜಿಗೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ, ಬಾಗಿಲ ಪಕ್ಕ ಹಿಡಿದುಕೊಳ್ಳುವ ಸರಳು ಹಾಕಿಕೊಡಲು ಊರಿನ ಕೌನ್ಸಿಲಿನವರು ಕಳಿಸಿದ್ದರು. ಮನೆ ತಪ್ಪಿ ಬಡಿದಿದ್ದ. ನೆಂಟರಾಗಿ ಬಂದವರು ಲೆಕ್ಕಕ್ಕಿಲ್ಲ ಎಂದು ರೇಣುಕಾ ನಕ್ಕೂ ನಕ್ಕೂ ಹೇಳಿದಳು. ನನಗೆ ನಾಚಿಕೆಗಿಂತ ಹೆಚ್ಚಾಗಿ ಬೇರೊಂದು ಕಸಿವಿಸಿ ಆಯಿತು. ಬಾಗಿಲ ಹಿಂದೆ ನಿಂತಾಗ ಎದೆ ಹೀಗೆ ಬಡಿದುಕೊಳ್ಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮೂರಿನವರನ್ನು ಬರೀ ಹಟಮಾರಿಗಳು ಅಂದುಕೊಂಡಿದ್ದೆ.

ಅವತ್ತು ಸಾಬಣ್ಣ ಫೋನಿನಲ್ಲಿ ಸಿಕ್ಕ. "ಭೀಮವ್ವ ಆಯಿ ದಿನಾ ಬಂದು ಪಂಚಾಯ್ತಿ ಕಟ್ಟಿ ಮ್ಯಾಲ ಕುಂದ್ರತಾಳ್ರಿ. ಖಾಲಿ ಕೊಡ ಬಾಜೂಕ ಇಟ್ಕೊಂಡು."

"ಬೈತಾಳೇನು?"

"ಇಲ್ರಿ. ಬೈದಿದ್ರ ಚೊಲೋ ಇತ್ತು. ಸುಮ್ಮನ ಕುಂದ್ರತಾಳ."

ಬುಧವಾರ, ಕಸದ ದಿನ

ಅಲ್ಲಿ ಕಸಕ್ಕೂ ವಾರ ಇದೆ. ಬುಧವಾರ ಮುಂಜಾನೆ ಪ್ರತಿ ಮನೆಯ ಮುಂದೆ ಗಾಲಿಯ ಡಬ್ಬಿಗಳು ಸಾಲಾಗಿ ನಿಲ್ಲುತ್ತವೆ. ಒಂದು ವಾರ ಒಂದು ಬಣ್ಣದ ಡಬ್ಬಿ, ಇನ್ನೊಂದು ವಾರ ಇನ್ನೊಂದು. ನಾನು ಗಡಿಬಿಡಿಯಲ್ಲಿ ತಪ್ಪು ಬಣ್ಣದ ಡಬ್ಬಿ ಇಟ್ಟೆ. ಲಾರಿ ಬಂದು ಎಲ್ಲರದನ್ನೂ ಎತ್ತಿ ನಮ್ಮದನ್ನು ಮಾತ್ರ ಬಿಟ್ಟು ಹೋಯಿತು. ಇಡೀ ಬೀದಿಯಲ್ಲಿ ತುಂಬಿದ ಡಬ್ಬಿ ನಮ್ಮದೊಂದೇ. ನಮ್ಮಲ್ಲಿ ಬಾಕಿದಾರರ ಹೆಸರು ಪಂಚಾಯಿತಿ ಗೋಡೆಗೆ ಹಚ್ಚುತ್ತೇವಲ್ಲ, ಹಾಗಾಯಿತು ನನಗೆ. ಯಾರೂ ನೋಡದಂತೆ ಒಳಗೆ ಎಳೆದುಕೊಂಡೆ.

ಆ ವಾರವೇ ಮುಂದಿನ ವರ್ಷದ ಪಟ್ಟಿಯ ಕಾಗದ ಬಂತು. ಮನೆಗೂ ನೀರಿಗೂ ಸೇರಿ ಒಂದೇ ಕಾಗದ. ಅದರ ಜೊತೆ ಮಡಚಿದ ಇನ್ನೊಂದು ಹಾಳೆ ಇತ್ತು. ಕಳೆದ ವರ್ಷ ಕೊಟ್ಟ ಹಣ ಯಾವುದಕ್ಕೆ ಹೋಯಿತು ಎಂದು ಚಿತ್ರ ಬರೆದು ತೋರಿಸಿದ್ದರು. ಶಾಲೆ, ರಸ್ತೆ, ಕಸ, ಮುದುಕರ ಆರೈಕೆ, ಗ್ರಂಥಾಲಯ, ಮಂಜು ಬಿದ್ದಾಗ ಬೀದಿಗೆ ಚೆಲ್ಲುವ ಉಪ್ಪು. ಜನರು ಕೊಡುವುದು ಒಂದು ಪಾಲು ಮಾತ್ರ, ಮಿಕ್ಕದ್ದು ಸರ್ಕಾರದಿಂದ ಬರುತ್ತದೆ ಎಂದೂ ಬರೆದಿತ್ತು.

"ನಿನ್ನ ಕಾಲಿನ ಆಪರೇಶನ್ನೂ ಇದರಾಗಿಂದs ಏನು?" ಎಂದು ಕೇಳಿದೆ.

"ಅದು ಬ್ಯಾರೆ ಮಾಮಾ. ಅದಕ್ಕ ಪಗಾರದಾಗs ಹಿಡ್ಕೊಂತಾರ."

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಓದಿದೆ. ನಾನು ಇಷ್ಟು ವರ್ಷ ಹರಿದುಕೊಟ್ಟ ರಸೀದಿಗಳಲ್ಲಿ ಹೆಸರು, ಮೊತ್ತ, ನನ್ನ ಸಹಿ, ಇಷ್ಟೇ. ಯಾವುದಕ್ಕೆ ಎಂದು ಯಾರೂ ಕೇಳಿರಲಿಲ್ಲ. ಅಲ್ಲ, ಕೇಳಿದ್ದರು. ಪಟ್ಟಿ ತಪ್ಪಿಸಲು ಕೇಳುತ್ತಾರೆ ಅಂದುಕೊಂಡು ನಾನು ಉತ್ತರ ಕೊಟ್ಟಿರಲಿಲ್ಲ.

ಮರುದಿನ ಸಾಬಣ್ಣನ ಫೋನು ಬಂತು, ದನಿಯಲ್ಲಿ ಅವಸರವಿತ್ತು. "ಸುದ್ದಿ ಕೇಳಿರೇನ್ರಿ? ಹೊಸ ಪೈಪಿಂದು ಸರ್ವೆ ಅಂತ. ಉಗಾದಿ ಮುಗದ ಮ್ಯಾಲ ಯಾದಗಿರಿಯಿಂದ ಇಂಜಿನಿಯರ್ ಬರ್ತಾರ. ನಳ ಇದ್ದು ನೀರ ಬರಲಾರದ ಮನಿಗೆ ಹೊಸ ಪೈಪು. ನಳನs ಇಲ್ಲದವ್ರು ಮತ್ತ ಅರ್ಜಿ ಹಾಕಬೇಕು. ಅದು ಯಾವಾಗ ಆಗ್ತದೋ ದೇವರಿಗೇ ಗೊತ್ತು."

ನನ್ನ ಕಣ್ಣ ಮುಂದೆ ದಿಬ್ಬದ ಮನೆ ಬಂತು. ಗೋಡೆಯಿಂದ ಹೊರಬಂದ ಬರೀ ಪೈಪು, ಅದರ ಬಾಯಿಗೆ ಏನೂ ಇಲ್ಲ. ಇಂಜಿನಿಯರ್ ನೋಡಿ, ನಳ ಇಲ್ಲ ಎಂದು ಬರೆದುಕೊಂಡು ಹೋಗಿಬಿಡುತ್ತಾನೆ. ಆ ಮನೆಯ ನಳ ಇಲ್ಲಿ, ರೇಣುಕಾಳ ಕಿಟಕಿಯ ಕಟ್ಟೆಯ ಮೇಲೆ ಕೂತಿದೆ.

"ಸಾಬಣ್ಣ, ನನ್ನ ರೊಕ್ಕದಾಗ ಹೊಸ ನಳ ತಂದು ಹಚ್ಚಿಬಿಡೋ."

ಎರಡು ತಾಸಿನ ಮೇಲೆ ಅವನದೇ ಫೋನು. "ಹಚ್ಚಗೊಡ್ಲಿಲ್ರಿ. 'ಒಯ್ದಾವನs ತಂದು ಹಚ್ಚಲಿ' ಅಂತಾಳ. ಕೈಯಾಗ ಕುರಿ ಹೊಡಿಯೋ ಬಡಿಗಿ ಬ್ಯಾರೆ ಅದ."

ಗ್ರಂಥಾಲಯದ ಸಭೆ

ಐಲೀನ್ ಅಜ್ಜಿಗೂ ನನಗೂ ಸ್ನೇಹವಾಯಿತು. ನನ್ನ ಇಂಗ್ಲಿಷು ಪಂಚಾಯಿತಿ ಫಾರ್ಮುಗಳ ಇಂಗ್ಲಿಷು. ಆಕೆಯ ಇಂಗ್ಲಿಷು ರೇಣುಕಾಳಿಗೂ ಅರ್ಧ ತಿಳಿಯುತ್ತದೆ. ಮಧ್ಯಾಹ್ನ ಚಹಾಕ್ಕೆ ಬಂದವಳು ಕಿಟಕಿಯ ಕಟ್ಟೆಯ ಮೇಲಿದ್ದ ನಳವನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಡಿಯಾದಿಂದ ತಂದ ಉಡುಗೊರೆ ಎಂದು ತಿಳಿದುಕೊಂಡಳು. ನಾನು ಬೇಡ ಅನ್ನುವಷ್ಟರಲ್ಲಿ ಮನೆಗೆ ಒಯ್ದಳು. ಅದು ಕಣ್ಣಿಂದ ಮರೆಯಾದ ಆ ಒಂದು ದಿನ ನಾನು ಅನ್ನ ಉಂಡದ್ದು ನೆನಪಿಲ್ಲ. ಮರುದಿನ ತಂದಿಟ್ಟಳು. ಹಿತ್ತಾಳೆ ಉಜ್ಜುವ ಪುಡಿ ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದಳು. ಚೀಟಿಯನ್ನು ಮಾತ್ರ ಕಿತ್ತಿರಲಿಲ್ಲ.

ಅದೇ ಸಂಜೆ ಊರಿನ ಸಭಾಭವನಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ರೇಣುಕಾ ಊರುಗೋಲು ಊರಿಕೊಂಡು ಬಂದಳು. ಹಣ ಸಾಲುತ್ತಿಲ್ಲವೆಂದು ಊರ ಗ್ರಂಥಾಲಯವನ್ನು ವಾರಕ್ಕೆ ಎರಡೇ ದಿನ ತೆರೆಯುವ ಯೋಚನೆ ಇತ್ತು. ಅದಕ್ಕೆ ಜನರ ಅಭಿಪ್ರಾಯ ಕೇಳುವ ಸಭೆ. ವಿಲಾಯತಿಯಲ್ಲಿ ಎಲ್ಲ ಸರಿಯಿರುತ್ತದೆ ಅಂದುಕೊಂಡು ಹೋದವನಿಗೆ ಕುರ್ಚಿಗಳ ಸಾಲಿನಲ್ಲಿ ನಮ್ಮ ಗ್ರಾಮಸಭೆಯೇ ಕಂಡಿತು. ರಸ್ತೆಯ ಕುಳಿಗಳ ಬಗ್ಗೆ ಒಬ್ಬ ಕೂಗಿದ. ಸಾರ್ವಜನಿಕ ಪಾಯಖಾನೆಗೆ ಬೀಗ ಯಾಕೆ ಎಂದು ಇನ್ನೊಬ್ಬ. ಐಲೀನ್ ಎದ್ದು ನಿಂತು ಅಂದದ್ದನ್ನು ರೇಣುಕಾ ನನ್ನ ಕಿವಿಯಲ್ಲಿ ಹೇಳಿದಳು:

"ಬರ್ಲಾರದ್ದಕ್ಕ ನಾ ಯಾಕ ಕೊಡ್ಲಿ ಅಂತ ಕೇಳಾಕತ್ತಾಳ ಮಾಮಾ."

ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ನಲವತ್ತರ ಹೆಂಗಸು. ನನಗೆ ಅವಳ ಮೇಲೆ ಕನಿಕರ ಬಂತು. ಯಾರೋ ಮಾಡಿದ ನಿರ್ಧಾರಕ್ಕೆ ಬೈಸಿಕೊಳ್ಳುವುದು ಹೇಗಿರುತ್ತದೆ ಎಂಬುದು ಆ ಸಭೆಯಲ್ಲಿ ನನ್ನಷ್ಟು ಯಾರಿಗೂ ಗೊತ್ತಿರಲಿಲ್ಲ. ಆದರೆ ಕೊನೆಗೆ ಅವಳು ಒಂದು ಕೆಲಸ ಮಾಡಿದಳು. ಜನ ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಳಲ್ಲ, ಅದನ್ನು ಗಟ್ಟಿಯಾಗಿ ಓದಿದಳು. ಐಲೀನ್ ನಡುವೆ ತಡೆದು, ನಾನು ಹಾಗೆ ಹೇಳಲಿಲ್ಲ ಅಂದಳು. ಅಧಿಕಾರಿ ಹೊಡೆದುಹಾಕಿ ಮತ್ತೆ ಬರೆದಳು.

ಮನೆಗೆ ಬರುವ ದಾರಿಯಲ್ಲಿ ನಳದ ಖರೇ ಕಥೆಯನ್ನು ರೇಣುಕಾಳಿಂದ ಐಲೀನ್‌ಗೆ ಹೇಳಿಸಿದೆ. ಪಟ್ಟಿ ಕೊಡದ ಮುದುಕಿಯಿಂದ ಬಿಚ್ಚಿ ತಂದದ್ದು ಎಂದು. ಆಕೆ ನಡೆಯುವುದನ್ನು ನಿಲ್ಲಿಸಿದಳು. ಇಲ್ಲಿ ಕಟ್ಟದಿದ್ದರೆ ಕಾಗದದ ಮೇಲೆ ಕಾಗದ ಬರುತ್ತದೆ, ಪಗಾರದಲ್ಲೂ ಹಿಡಿಯುತ್ತಾರೆ, ಆದರೆ ಮನೆಯ ನೀರನ್ನು ಯಾರೂ ಮುಟ್ಟುವ ಹಾಗಿಲ್ಲ ಅಂದಳು. ಆಮೇಲೆ ಮನೆಯ ತನಕ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ನಡೆದಳು. ತಾನು ತಿಕ್ಕಿ ಹೊಳಪು ಕೊಟ್ಟದ್ದು ಏನನ್ನು ಎಂದು ಯೋಚಿಸುತ್ತಿದ್ದಳೋ ಏನೋ.

ಅಡಿಗೆಮನೆಯ ಕಾರಂಜಿ

ರೇಣುಕಾಳ ಅಡಿಗೆಮನೆಯಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ಬೇರೆ ಬೇರೆ ನಳ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಕೈ ಮರಗಟ್ಟುತ್ತದೆ. ತಣ್ಣೀರಿನದು ಹನಿಯುತ್ತಿತ್ತು. ಸುಮ್ಮನೆ ಕೂತರೆ ಚಿಂತೆ ತಿನ್ನುತ್ತದೆ, ಏನಾದರೂ ಮಾಡೋಣ ಎಂದು ಐಲೀನ್‌ಳಿಂದ ಪಾನಾ ಇಸಿದುಕೊಂಡು ಬಂದೆ.

"ಮಾಮಾ, ನಿನಗ ಬರ್ತದೇನು?"

"ಇಪ್ಪತ್ತಾರು ವರ್ಷದಾಗ ಎಷ್ಟು ನಳ ಬಿಚ್ಚೀನಿ ಗೊತ್ತದೇನು?" ಎಂದು ಮೀಸೆ ತಿರುವಿ ಪಾನಾ ತಿರುವಿದೆ.

ನಳದ ತಲೆ ಹಾರಿತು. ನೀರು ಛಾವಣಿಗೆ ಹೊಡೆಯಿತು. ಅಲ್ಲಿಂದ ನನ್ನ ತಲೆಯ ಮೇಲೆ, ಸ್ವೆಟರಿನ ಮೇಲೆ, ಒಲೆಯ ಮೇಲೆ. ಎರಡೂ ಕೈಯಿಂದ ಅದುಮಿ ಹಿಡಿದರೆ ಬೆರಳ ಸಂದಿಯಿಂದ ನಾಲ್ಕು ಕಡೆ ಚಿಮ್ಮಿತು. ರೇಣುಕಾ ಒಂದೇ ಕಾಲಲ್ಲಿ ಕುಣಿಯುತ್ತ ಕೂಗಿದಳು. ಐಲೀನ್ ಹೊಸ ಸರಳು ಹಿಡಿದು ತನ್ನ ಮೆಟ್ಟಿಲು ಇಳಿದು ಬಂದು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಬಾಗಿಲು ತೆರೆದು ಒಳಗೊಂದು ತಿರುಗಣಿ ತಿರುಗಿಸಿದಳು. ನೀರು ನಿಂತಿತು.

ಮೊದಲು ವಾಲ್ ಮುಚ್ಚಬೇಕಿತ್ತು. ಅದು ಸಾಬಣ್ಣನ ಕೆಲಸ, ನನಗೆ ಹೊಳೆಯಲೇ ಇಲ್ಲ. ನೆಲದ ನೀರಿನಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಿದ್ದವನ ಕೈ ಹಾಗೇ ನಿಂತಿತು.

ಅವತ್ತು ಸಾಬಣ್ಣ ಶಹಾಪುರದಲ್ಲಿದ್ದ. ಮೋಟರು ನಡೆದಿತ್ತು. ಕೆಳಗಿನ ಓಣಿಯಲ್ಲಿ ನೀರು ಸುರಿಯುತ್ತಿದ್ದುದನ್ನು ಕಣ್ಣಾರೆ ನೋಡಿಕೊಂಡೇ ದಿಬ್ಬ ಹತ್ತಿದ್ದೆ. ವಾಲ್ ಯಾರೂ ಮುಚ್ಚಿರಲಿಲ್ಲ. ಭೀಮವ್ವನ ನಳ ಬಿಚ್ಚಿದಾಗ ನನ್ನ ಅಂಗಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಏನಾತು ಮಾಮಾ? ಎಲ್ಲಿ ಪೆಟ್ಟಾತು?" ರೇಣುಕಾ ಹೆದರಿ ಕೇಳಿದಳು.

"ಆಯಿ ಖರೇ ಹೇಳ್ಯಾಳ ರೇಣವ್ವಾ," ಅಂದೆ. "ಆಕಿ ಮನಿಗೆ ನೀರs ಬರಂಗಿಲ್ಲ."

ಅಳು ಬಂತು. ಅಡಿಗೆಮನೆ ತೊಯ್ದದ್ದಕ್ಕೆ ಅಳುತ್ತಾನೆ ಎಂದು ತಿಳಿದು ಐಲೀನ್ ನನ್ನ ಬೆನ್ನು ಸವರಿ ಟವೆಲು ಕೊಟ್ಟಳು.

ಆಮೇಲೆ ಉಳಿದ ದಿನಗಳಲ್ಲಿ ಹೊಸದೊಂದು ಹುಳ ತಲೆ ಹೊಕ್ಕಿತು. ನೀರಿನ ರಿಜಿಸ್ಟರು. ಯಾವ ಓಣಿಗೆ ನೀರು ಮುಟ್ಟುತ್ತದೆ ಎಂದು ಪ್ರತಿ ತಿಂಗಳು ತುಂಬುವವನು ನಾನು. ಮೊದಲ ಓಣಿಗೆ 'ದಿನ ಬಿಟ್ಟು ದಿನ' ಎಂದು ಬರೆದು ಅದರ ಕೆಳಗೆ ಕೊನೆಯ ತನಕ, ಮೇಲಿನಂತೆಯೇ ಎಂದು, ಡಿಟ್ಟೋ ಹೊಡೆಯುತ್ತಿದ್ದೆ. ಎರಡು ಚುಕ್ಕೆ, ಎರಡು ಚುಕ್ಕೆ. ದಿಬ್ಬಕ್ಕೂ ಎರಡು ಚುಕ್ಕೆ. ಇಂಜಿನಿಯರ್ ಕೈಯಲ್ಲಿ ಇರುವುದು ಆ ರಿಜಿಸ್ಟರೇ. ನಳ ಹಚ್ಚಿದರೂ ನೀರು ಬರುತ್ತದೆ ಎಂದು ನಾನೇ ಸಹಿ ಮಾಡಿದ ಮನೆಗೆ ಹೊಸ ಪೈಪು ಯಾಕೆ ಕೊಡುತ್ತಾನೆ? ಬರುವುದಿಲ್ಲ ಎಂದರೆ, ಇಷ್ಟು ವರ್ಷ ಆ ನಾಲ್ಕು ಮನೆಗೆ ಪಟ್ಟಿ ಹೇರಿದ್ದು ಯಾಕೆ ಎಂದು ನನ್ನನ್ನೇ ಕೇಳುತ್ತಾರೆ. ಪೆನ್ಶನ್ನಿಗೆ ಹತ್ತಿರ ಬಂದವನು ನಾನು. ಆ ಊರಿನ ಉದ್ದ ಸಂಜೆಗಳಲ್ಲಿ ಈ ಎರಡು ಮಾತಿನ ನಡುವೆ ಓಡಾಡಿ ಓಡಾಡಿ ರೇಣುಕಾಳ ನೆಲಹಾಸು ಸವೆಸಿದೆ.

ಯಾದಗಿರಿ ಟೇಶನ್

ಹೊರಡುವಾಗ ರೇಣುಕಾ ಎರಡೂ ಕಾಲೂರಿ ಬಾಗಿಲ ತನಕ ಬಂದಳು. ಐಲೀನ್ ತನ್ನ ಸರಳು ಹಿಡಿದು ನಿಂತು ಏನೋ ಅಂದಳು. "ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು ಅನ್ನಾಕತ್ತಾಳ ಮಾಮಾ," ಎಂದಳು ರೇಣುಕಾ.

ಉಗಾದಿ ನನಗೆ ಆಕಾಶದಲ್ಲಿಯೇ ಆಯಿತು, ಬೇವೂ ಇಲ್ಲ ಬೆಲ್ಲವೂ ಇಲ್ಲ. ಹೈದರಾಬಾದಿನಿಂದ ಬಂದ ರೈಲು ಯಾದಗಿರಿಗೆ ಮೊದಲೇ ಒಂದು ಸಣ್ಣ ಟೇಶನ್ನಿನಲ್ಲಿ ಯಾಕೋ ಬಹಳ ಹೊತ್ತು ನಿಂತಿತು. ಕಾರ್ಖಾನೆಯ ಪಾಳಿಗೆ ಹೋಗುವವರು ಇಳಿದು ಹೋದರು, ಬಿಸಿಲು ಏರಿತು, ರೈಲು ಅಲುಗಲಿಲ್ಲ. ಸಾಬಣ್ಣನ ಫೋನು: "ಇಂಜಿನಿಯರ್ ಬಂದಾರ್ರಿ. ಕೆಳಗಿನ ಓಣಿ ಮುಗಿಸ್ಯಾರ. ಬಾವಿ ಓಣಿ ನಡದದ. ಎಲ್ಲಿದ್ದೀರಿ?"

ಯಾದಗಿರಿಯಲ್ಲಿ ಇಳಿದವನು ಬಸ್ಸಿಗೆ ಕಾಯಲಿಲ್ಲ. ಜೀವನದಲ್ಲಿ ಮೊದಲ ಸಲ ನಮ್ಮೂರ ತನಕ ಒಬ್ಬನೇ ಜೀಪು ಮಾಡಿಕೊಂಡೆ. ಶಹಾಪುರ ದಾಟುವಾಗ ಡ್ರೈವರು ಕನ್ನಡಿಯಲ್ಲಿ ನೋಡಿ, "ಯಾರಿಗರ ಸೀರಿಯಸ್ ಏನ್ರಿ?" ಎಂದು ಕೇಳಿದ. ನನ್ನ ಮುಖ ಹಾಗಿತ್ತೆಂದು ಕಾಣುತ್ತದೆ.

ದಿಬ್ಬದ ಮನೆ

ಸೂಟ್‌ಕೇಸು ಜೀಪಿನಲ್ಲೇ ಬಿಟ್ಟು ದಿಬ್ಬ ಓಡಿ ಹತ್ತಿದೆ. ಭೀಮವ್ವ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಖಾಲಿ ಕೊಡ. ಮೂರು ಮನೆ ಕೆಳಗೆ ಇಂಜಿನಿಯರು, ಸಾಬಣ್ಣ, ಹತ್ತೆಂಟು ಜನ ಬರುತ್ತಿರುವುದು ಕಾಣುತ್ತಿತ್ತು.

"ಬಂದೇನು?" ಅಂದಳು.

ಉಸಿರು ತಿರುಗುವ ಮೊದಲೇ ಚೀಲದಿಂದ ನಳ ತೆಗೆದೆ. ಬಿಸಿಲಿಗೆ ಫಳ್ ಎಂದಿತು.

"ಅಯ್ಯ, ಇದು ನಂದೇನೋ? ಬಂಗಾರದಂಗ ಆಗ್ಯದಲ್ಲ!"

"ನಿಮ್ದs ಆಯಿ. ಅಲ್ಲೊಬ್ಬ ಮುದುಕಿ ತಿಕ್ಕ್ಯಾಳ. ನಿಮಗ ನಮಸ್ಕಾರ ಹೇಳ್ಯಾಳ."

ಅವಸರದಲ್ಲಿ ಪೈಪಿಗೆ ಹಚ್ಚಹೋದರೆ ಎರಡು ಸಲ ಎಳೆ ಹತ್ತಲಿಲ್ಲ. ಮೂರನೆಯ ಸಲ ಕೂತಿತು. ಅಷ್ಟರಲ್ಲಿ ಇಂಜಿನಿಯರು ಬಂದರು, ಚಿಕ್ಕ ವಯಸ್ಸಿನವರು. ಕೈಯಲ್ಲಿ ನನ್ನ ರಿಜಿಸ್ಟರು.

"ನಳ ಅದ," ಎಂದು ಬರೆದುಕೊಂಡರು. ಹಾಳೆಯ ಮೇಲೆ ಬೆರಳಾಡಿಸಿದರು. "ನೀರು ದಿನಾ ಬಿಟ್ಟು ದಿನಾ ಬರ್ತದ ಅಂತ ಅದ ಇಲ್ಲಿ. ಹಂಗಾದ್ರ ಈ ನಾಕು ಮನಿ ಹೊಸ ಲೈನಿನಾಗ ಬರಂಗಿಲ್ಲ. ಸಹಿ ನಿಮ್ದs ಏನ್ರಿ?"

"ನಂದs ಸಾಹೇಬ್ರ."

ಭೀಮವ್ವ ನನ್ನ ಮುಖ ನೋಡಿದಳು. ನಾನು ನಳ ತಿರುವಿದೆ. ಗಾಳಿ ಸುಯ್ ಎಂದಿತು, ಅಷ್ಟೇ. ಕೆಳಗಿನ ಓಣಿಯಲ್ಲಿ ಕೊಡ ತುಂಬುವ ಸದ್ದು ದಿಬ್ಬದ ತನಕ ಕೇಳುತ್ತಿತ್ತು.

"ನಾ ಬರ್ದದ್ದು ಸುಳ್ಳ್ರಿ," ಅಂದೆ. "ನೀರು ಬರ್ತದೋ ಇಲ್ಲೋ ಅಂತ ಇಲ್ಲಿ ಎಂದೂ ನೋಡೇ ಇಲ್ಲ. ಮ್ಯಾಲಿಂದ ಡಿಟ್ಟೋ ಹೊಡದೀನಿ. ಈ ದಿಬ್ಬಕ್ಕ ನೀರು ಮುಟ್ಟಂಗಿಲ್ಲ. ಹಂಗಂತ ಬರಕೋರಿ, ನಾ ಮತ್ತ ಸಹಿ ಮಾಡ್ತೀನಿ."

ಪಕ್ಕದ ಮನೆಯವನು, "ಹಂಗಾದ್ರ ನಾವು ಕಟ್ಟಿದ ಪಟ್ಟಿ?" ಅಂದ. ಅದರ ವಿಚಾರಣೆ ಈಗಲೂ ನಡೆದಿದೆ, ನೋಟಿಸು ನನ್ನ ಮೇಜಿನ ಮೇಲಿದೆ. ಇಂಜಿನಿಯರು ಎರಡು ಚುಕ್ಕೆಯ ಮೇಲೆ ಗೆರೆ ಎಳೆದರು, ಪಕ್ಕದಲ್ಲಿ ಬರೆದರು. ಏನು ಬರೆದಿರಿ, ಗಟ್ಟಿಯಾಗಿ ಓದಿರಿ ಅಂದೆ. ಓದಿದರು. "ನಾಕೂ ಮನಿ ಅನ್ರಿ, ನನ್ನದೊಂದs ಅಲ್ಲ," ಎಂದು ಭೀಮವ್ವ ತಿದ್ದಿಸಿದಳು.

ಅವರೆಲ್ಲ ದಿಬ್ಬ ಇಳಿದ ಮೇಲೆ ಮುದುಕಿ ಸೊಂಟದ ಸಂಚಿ ಬಿಚ್ಚಿದಳು. ಮಡಚಿದ ನೋಟುಗಳು.

"ತಗೋ. ಮನಿ ಪಟ್ಟಿ. ಎರಡ ವರ್ಷದ್ದು ತೆಗೆದಿಟ್ಟೀನಿ. ಕೊಡಂಗಿಲ್ಲ ಅಂತ ನಾ ಯಾವಾಗ ಅಂದೀನಿ? ನೀರಿಂದು ನೀರ ಬಂದ ಮ್ಯಾಲ."

ರಸೀದಿ ಪುಸ್ತಕ ಚೀಲದಲ್ಲೇ ಇತ್ತು. ಅದೂ ನನ್ನ ಜೊತೆ ವಿಲಾಯತಿ ನೋಡಿ ಬಂದಿತ್ತು. ಹೆಸರು ಬರೆದೆ, ಮೊತ್ತ ಬರೆದೆ.

"ಅಲ್ಲಿ ಮಂದಿ ಪಟ್ಟಿ ಕೊಡ್ತಾರೇನು?"

"ಕೊಡ್ತಾರ ಆಯಿ. ಬೈಕೋತs ಕೊಡ್ತಾರ. ಎಲ್ಲಿ ಹೋತು ಅಂತ ಅವರಿಗೆ ಕಾಗದದಾಗ ಬರದು ಕಳಿಸ್ತಾರ."

"ಹಂಗಾದ್ರ ನನಗೂ ಬರದು ಕೊಡು. ನಾ ಏನ್ ಕಡಿಮಿ?"

ರಸೀದಿ ತಿರುವಿ ಹಾಕಿದೆ. ಹಿಂಭಾಗ ಖಾಲಿ. ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಏನಾದರೂ ಬರೆಯಬಹುದು ಎಂದು ತೋಚಿರಲಿಲ್ಲ. ಗೊತ್ತಿದ್ದಷ್ಟು ಬರೆದೆ. ಬೀದಿ ದೀಪ: ದಿಬ್ಬದ ಕೆಳಗಿನ ತನಕ. ಗಟಾರ ಬಳಿಯುವುದು: ವರ್ಷಕ್ಕೆ ಒಂದು ಸಲ. ಅಂಗನವಾಡಿಯ ಬಾಗಿಲು: ಹೋದ ವರ್ಷ. ಬರೆದದ್ದನ್ನೆಲ್ಲ ಓದಿ ಹೇಳಿದೆ. ಭೀಮವ್ವ ತಲೆಯಾಡಿಸಿ ಕೇಳಿಸಿಕೊಂಡಳು. ಆಮೇಲೆ ಖಾಲಿ ಕೊಡ ಎತ್ತಿ ತಂದು ಹೊಳೆಯುವ ನಳದ ಕೆಳಗೆ ಇಟ್ಟಳು.

"ಇದನ್ನೂ ಬರಿ," ಅಂದಳು.

ನೀರು: ಇನ್ನೂ ಬಂದಿಲ್ಲ. ಹಾಗೆ ಬರೆದು, ಕೆಳಗೆ ನನ್ನ ಹೆಸರು ಪೂರ್ತಿ ಬರೆದು ಸಹಿ ಮಾಡಿಕೊಟ್ಟೆ.